ಮಾಂಸದಂಗಡಿ ಬೀದಿಯ ಚರ್ಚು



ಕಾರ್ಯಕ್ರಮ ನಿರ್ಮಾಪಕನಾದ ನಾನು ಸಾಮಾನ್ಯವಾಗಿ ಕ್ಯಾಮೆರಾದ ಹಿಂದೆ ನಿಲ್ಲುವವನು. ಬೇರೆಯವರನ್ನು ಕೂರಿಸಿ, ದೀಪ ಸರಿಪಡಿಸಿ, "ಈಗ ಶುರು ಮಾಡಿ ಸಾರ್" ಎಂದು ಹೇಳುವುದಷ್ಟೇ ನನ್ನ ಕೆಲಸ. ಈ ದಿನ ಅದೇ ಕುರ್ಚಿಯಲ್ಲಿ ನನ್ನನ್ನು ಕೂರಿಸಿದ್ದಾರೆ. ನಾನು ಓದಿದ್ದು ವಿಜ್ಞಾನ, ಮಾಡುತ್ತಿರುವುದು ದೂರದರ್ಶನದ ಕೆಲಸ, ಮಾತಾಡಹೊರಟಿರುವುದು ಲಂಡನ್ ನಗರದಲ್ಲಿ ನಾಲ್ಕುನೂರ ಎಪ್ಪತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಕಾಣೆಯಾದ ಒಂದು ಚರ್ಚಿನ ವಿಚಾರ. ಎತ್ತಣ ಮಾಮರ, ಎತ್ತಣ ಕೋಗಿಲೆ ಎಂದು ತಮಗೆ ಅನ್ನಿಸಬಹುದು. ಆದರೆ ಸಂಬಂಧ ಇದೆ, ಅದನ್ನೇ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಕೆಲಸದ ಮೇಲೆ ಲಂಡನ್ನಿಗೆ ಹೋಗುವ ಅವಕಾಶ ಒದಗಿತು. ಬಿಡುವಿನ ಒಂದು ಮಧ್ಯಾಹ್ನ ಸಂತ ಪಾಲ್ ಕೆಥೆಡ್ರಲಿನ ಉತ್ತರಕ್ಕಿರುವ ನ್ಯೂಗೇಟ್ ಸ್ಟ್ರೀಟ್ ಎಂಬ ರಸ್ತೆಗೆ ಹೋದೆ. ಅಲ್ಲಿ ಆಗ ಬ್ರಿಟಿಷ್ ಟೆಲಿಕಾಂ ಸಂಸ್ಥೆಯ ದೊಡ್ಡ ಕಚೇರಿ ಇತ್ತು. ಅದರ ಗೋಡೆಯ ಮೇಲೆ ಒಂದು ಫಲಕ. 1896ರ ಜುಲೈ 27ರಂದು ಮಾರ್ಕೋನಿ ಇದೇ ಜಾಗದಿಂದ ನಿಸ್ತಂತು ಸಂಕೇತಗಳನ್ನು ಮೊಟ್ಟಮೊದಲು ಸಾರ್ವಜನಿಕವಾಗಿ ಕಳಿಸಿದ ಎಂಬುದು ಅದರ ಒಕ್ಕಣೆ. ಆಗ ಅಲ್ಲಿದ್ದದ್ದು ಅಂಚೆ ಇಲಾಖೆಯ ಕಟ್ಟಡ. ಇಪ್ಪತ್ತೆರಡು ವರ್ಷದ ಆ ಇಟಾಲಿಯನ್ ಹುಡುಗ ಅದರ ಛಾವಣಿಯ ಮೇಲೆ ತನ್ನ ಯಂತ್ರ ಇಟ್ಟು, ತಂತಿಯ ಹಂಗಿಲ್ಲದೆ ಇನ್ನೊಂದು ಅಂಚೆ ಕಟ್ಟಡಕ್ಕೆ ಸಂಕೇತ ಮುಟ್ಟಿಸಿದ. ರೇಡಿಯೋ, ಟೆಲಿವಿಷನ್ ನಂಬಿ ಅನ್ನ ತಿನ್ನುವ ನನ್ನಂಥವನಿಗೆ ಅದೊಂದು ಕ್ಷೇತ್ರದರ್ಶನವೇ ಸರಿ. ಕೈಮುಗಿದು ನಿಂತೆ ಅಂತಲೇ ಹೇಳಬಹುದು.

ಆ ಫಲಕ ಏನೋ ನೋಡಿಯಾಯಿತು. ಬಂದು ಆ ಜಾಗದ ಬಗ್ಗೆ ಓದತೊಡಗಿದಾಗ ಗೊತ್ತಾಯಿತು, ನಾನು ನಿಂತಿದ್ದ ಅದೇ ನಿವೇಶನದಲ್ಲಿ ಒಂದು ಕಾಲಕ್ಕೆ ಚರ್ಚು ಇತ್ತು, ಅದರ ಸುತ್ತ ಸ್ಮಶಾನ ಇತ್ತು ಎಂಬ ಸಂಗತಿ. ಅದರ ಹೆಸರು ಸೇಂಟ್ ನಿಕೋಲಸ್ ಷ್ಯಾಂಬಲ್ಸ್. ನಿಂತಲ್ಲಿ ಅದರ ಒಂದು ಕಲ್ಲೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಮೊದಲು ಪ್ಯಾರಿಷ್ ಎಂದರೇನು ಎಂಬುದನ್ನು ಎರಡು ಮಾತಿನಲ್ಲಿ ಹೇಳಬೇಕು. ನಗರದ ಇಷ್ಟು ಬೀದಿ, ಇಷ್ಟು ಮನೆ ಈ ಚರ್ಚಿಗೆ ಸೇರಿದ್ದು ಎಂದು ಗೊತ್ತುಮಾಡಿದ ಸರಹದ್ದಿಗೆ ಪ್ಯಾರಿಷ್ ಎಂದು ಹೆಸರು. ಹುಟ್ಟಿದ ಮಗುವಿಗೆ ಅಲ್ಲೇ ದೀಕ್ಷಾಸ್ನಾನ, ಮದುವೆ ಅಲ್ಲೇ, ಸತ್ತರೆ ಮಣ್ಣು ಮಾಡುವುದೂ ಅದರ ಅಂಗಳದಲ್ಲೇ. ಕೆಥೆಡ್ರಲ್ ಎನ್ನುವುದು ಬಿಷಪ್ಪರ ಪೀಠ, ಮಠ ಎನ್ನುವುದು ಸನ್ಯಾಸಿಗಳದು. ಪ್ಯಾರಿಷ್ ಚರ್ಚು ಮಾತ್ರ ಆ ಕೇರಿಯ ಜನರದು. ಮಧ್ಯಯುಗದ ಲಂಡನ್ನಿನಲ್ಲಿ ಇಂಥ ಚರ್ಚುಗಳು ಹೆಜ್ಜೆಗೊಂದು ಇದ್ದವು. 12ನೇ ಶತಮಾನದ ಉತ್ತರಾರ್ಧದಲ್ಲಿ ಆ ನಗರವನ್ನು ವರ್ಣಿಸಿದ ವಿಲಿಯಂ ಫಿಟ್ಜ್‌ಸ್ಟೀಫನ್ ಎಂಬ ಪಾದ್ರಿ ಲಂಡನ್ ಮತ್ತು ಅದರ ಹೊರವಲಯದಲ್ಲಿ 13 ಮಠದ ಚರ್ಚುಗಳೂ 126 ಪ್ಯಾರಿಷ್ ಚರ್ಚುಗಳೂ ಇದ್ದುವೆಂದು ಲೆಕ್ಕ ಕೊಟ್ಟಿದ್ದಾನೆ. ಕೋಟೆಗೋಡೆಯೊಳಗಿನ ಊರಿನ ವಿಸ್ತಾರವೋ ಸರಿಸುಮಾರು ಅರ್ಧ ಚದರ ಮೈಲಿ. ಅಂದಮೇಲೆ ಒಂದೊಂದು ಚರ್ಚಿಗೆ ಸೇರಿದ್ದು ಕೆಲವೇ ಬೀದಿ, ಕೆಲವೇ ನೂರು ಜನ ಎಂದಾಯಿತು.

ಇನ್ನು ಹೆಸರಿನ ವಿಚಾರ. ನಿಕೋಲಸ್ ಎಂಬಾತ ಈಗಿನ ಟರ್ಕಿ ದೇಶದಲ್ಲಿರುವ ಮೈರಾ ಎಂಬ ಊರಿನಲ್ಲಿ ಬಿಷಪ್ಪನಾಗಿದ್ದ ಸಂತ. ನಮ್ಮ ಮಕ್ಕಳಿಗೆ ಕ್ರಿಸ್‌ಮಸ್ ಕಾಲದಲ್ಲಿ ಪರಿಚಯವಾಗುವ ಸಾಂಟಾ ಕ್ಲಾಸ್ ಮೂಲತಃ ಇವನೇ. 1087ರಲ್ಲಿ ಇಟಲಿಯ ನಾವಿಕರು ಅವನ ಅಸ್ಥಿಗಳನ್ನು ಬಾರಿ ಪಟ್ಟಣಕ್ಕೆ ಸಾಗಿಸಿದರು. ಆ 11ನೇ ಶತಮಾನದಲ್ಲಿ ಪಶ್ಚಿಮ ಯೂರೋಪಿನಲ್ಲಿ ಇವನ ಭಕ್ತಿ ಬಹಳ ಹಬ್ಬಿತ್ತು. ನಮ್ಮ ಈ ಚರ್ಚೂ ಅದೇ ಶತಮಾನದ್ದು.

ಷ್ಯಾಂಬಲ್ಸ್ ಎಂಬುದರ ಮೂಲ ಹಳೆಯ ಇಂಗ್ಲಿಷಿನಲ್ಲಿ ಮಣೆ, ಕಟ್ಟೆ ಎಂಬರ್ಥದ ಒಂದು ಪದ. ಮಾಂಸವನ್ನು ಇಟ್ಟು ಕಡಿದು ಮಾರುವ ಹಲಗೆಕಟ್ಟೆ ಅದು. ಕಟ್ಟೆಗಳಿದ್ದ ಬೀದಿಗೂ ಅದೇ ಹೆಸರು ಅಂಟಿತು. ನಗರದ ಪಶ್ಚಿಮದ ಬಾಗಿಲಾದ ನ್ಯೂಗೇಟಿನಿಂದ ಒಳಕ್ಕೆ ಬರುವ ಬೀದಿಯಲ್ಲಿ ಕಸಾಯಿಗಳ ಅಂಗಡಿಸಾಲು ಇತ್ತು. ಗೋಡೆಯಾಚೆ ಸ್ಮಿತ್‌ಫೀಲ್ಡ್ ಎಂಬ ಬಯಲಿನಲ್ಲಿ ದನದ ಸಂತೆ. ಅಲ್ಲಿ ಕೊಂಡ ದನವನ್ನು ಹೊಡೆದುಕೊಂಡು ಬಂದು ಇಲ್ಲಿ ಕಡಿದು ಇಲ್ಲೇ ಮಾರುವುದು. ಹೀಗಾಗಿ ಈ ಚರ್ಚು ಮಾಂಸದಂಗಡಿ ಬೀದಿಯ ಸಂತ ನಿಕೋಲಸನದು ಎನಿಸಿಕೊಂಡಿತು.

ಆ ಬೀದಿಯ ಪರಿಸರ ಹೇಗಿತ್ತೆಂದು ಊಹಿಸಿಕೊಳ್ಳಿ. ಚರ್ಚಿನ ಪಕ್ಕದಲ್ಲಿ ಹಾದುಹೋಗುತ್ತಿದ್ದ ಓಣಿಯ ಹೆಸರೇ ಸ್ಟಿಂಕಿಂಗ್ ಲೇನ್, ಎಂದರೆ ನಾರುವ ಓಣಿ. 1225ರಲ್ಲಿ ಜಾನ್ ಐವಿನ್ ಎಂಬ ಜವಳಿ ವರ್ತಕ ಈ ಪ್ಯಾರಿಷ್‌ನಲ್ಲಿದ್ದ ತನ್ನ ಜಾಗವನ್ನು ಫ್ರಾನ್ಸಿಸ್ಕನ್ ಸನ್ಯಾಸಿಗಳಿಗೆ ದಾನ ಮಾಡಿದ. ಬೂದುಬಣ್ಣದ ನಿಲುವಂಗಿ ತೊಡುತ್ತಿದ್ದ ಈ ಭಿಕ್ಷುಗಳನ್ನು ಜನ ಗ್ರೇ ಫ್ರೈಯರ್ಸ್ ಎಂದು ಕರೆದರು. ಬಡತನವೇ ವ್ರತ ಎಂದು ಬಂದವರಿಗೆ ಊರಿನಲ್ಲಿ ಸಿಕ್ಕಿದ್ದು ನಾರುವ ಓಣಿ! ಆದರೆ ನೂರು ವರ್ಷ ಕಳೆಯುವಷ್ಟರಲ್ಲಿ ಅವರಿಗೆ ರಾಣಿಯರ ಆಶ್ರಯ ದೊರೆತು, ಅಲ್ಲೇ ಸುಮಾರು 300 ಅಡಿ ಉದ್ದದ ಭವ್ಯವಾದ ಚರ್ಚು ಎದ್ದಿತು. ಕಸಾಯಿಗಳ ಪುಟ್ಟ ಚರ್ಚು ಅದರ ಮಗ್ಗುಲಲ್ಲಿ ತನ್ನ ಪಾಡಿಗೆ ತಾನು ನಿಂತಿತ್ತು. ಮುಂದೆ ಈ ದೊಡ್ಡ ನೆರೆಮನೆಯೇ ಅದಕ್ಕೆ ಮುಳುವಾಯಿತು ಎಂಬುದನ್ನು ಆಮೇಲೆ ಹೇಳುತ್ತೇನೆ.

ದನ ಕಡಿದ ಮೇಲೆ ಉಳಿದ ಕರುಳು, ರಕ್ತ ಇವುಗಳ ವಿಲೇವಾರಿ ನಗರಸಭೆಗೆ ತೀರದ ತಲೆನೋವಾಗಿತ್ತು. ಪ್ಲೇಗಿಗೆ ಕೆಟ್ಟ ಗಾಳಿಯೇ ಕಾರಣವೆಂದು ಜನ ನಂಬಿದ್ದ ಕಾಲ ಅದು. 1361ರಲ್ಲಿ ಮತ್ತೆ ಪ್ಲೇಗು ಬಂದಾಗ, ನಗರದೊಳಗೆ ದನ ಕಡಿಯಕೂಡದು, ಊರಾಚೆ ಸ್ಟ್ರಾಟ್‌ಫರ್ಡ್ ಅಥವಾ ನೈಟ್ಸ್‌ಬ್ರಿಜ್‌ಗೆ ಹೋಗಿ ಕಡಿದುಕೊಂಡು ಬರಬೇಕು ಎಂದು ಮೂರನೆಯ ಎಡ್ವರ್ಡ್ ದೊರೆ ಆಜ್ಞೆ ಹೊರಡಿಸಿದ. ಆಜ್ಞೆ ಕಾಗದದಲ್ಲಿತ್ತು, ಕಸಾಯಿಗಳು ಬೀದಿಯಲ್ಲಿದ್ದರು. ಆ ಭಾಗದಲ್ಲಿ ಮಾಂಸದ ವ್ಯಾಪಾರ ಮುಂದೆ ಐನೂರು ವರ್ಷ ನಡೆಯಿತು; 1868ರಲ್ಲಿ ಸ್ಮಿತ್‌ಫೀಲ್ಡಿನಲ್ಲಿ ದೊಡ್ಡ ಮಾಂಸ ಮಾರುಕಟ್ಟೆ ಕಟ್ಟಿದ ಮೇಲಷ್ಟೇ ಅಲ್ಲಿಂದ ಕದಲಿತು. ಚರ್ಚು ಮಾತ್ರ ಅಷ್ಟು ಕಾಲ ಬಾಳಲಿಲ್ಲ.

ಅದು ಹೋದದ್ದು ಹೇಗೆ? ಯುದ್ಧದಿಂದಲ್ಲ, ಬೆಂಕಿಯಿಂದಲೂ ಅಲ್ಲ. ಒಂದು ಕರಾರುಪತ್ರದಿಂದ.

ಎಂಟನೆಯ ಹೆನ್ರಿ ದೊರೆ ಪೋಪರ ಅಧಿಕಾರವನ್ನು ಧಿಕ್ಕರಿಸಿ, ಇಂಗ್ಲೆಂಡಿನ ಚರ್ಚಿಗೆ ತಾನೇ ಮುಖ್ಯಸ್ಥನೆಂದು 1534ರಲ್ಲಿ ಕಾನೂನು ಮಾಡಿಸಿದ್ದು ಶಾಲೆಯ ಚರಿತ್ರೆ ಪಾಠದಲ್ಲೇ ಬರುತ್ತದೆ. ಅದರ ಬೆನ್ನಿಗೇ ಮಠಗಳನ್ನೆಲ್ಲ ಮುಚ್ಚಿಸಿ ಆಸ್ತಿಯನ್ನು ವಶಪಡಿಸಿಕೊಂಡ. ಗ್ರೇ ಫ್ರೈಯರ್ಸ್ ಮಠ 1538ರ ನವೆಂಬರಿನಲ್ಲಿ ಮುಚ್ಚಿತು. ಪಕ್ಕದ ಸ್ಮಿತ್‌ಫೀಲ್ಡಿನಲ್ಲಿ 1123ರಿಂದ ನಡೆದುಬಂದಿದ್ದ ಸಂತ ಬಾರ್ತಲೋಮ್ಯೂ ಆಸ್ಪತ್ರೆಗೂ ಆದಾಯ ನಿಂತುಹೋಯಿತು. ಬಡ ರೋಗಿಗಳು ಬೀದಿಪಾಲಾದರು. ನಗರಸಭೆಯ ಹಿರಿಯರು ದೊರೆಯ ಬಳಿ ಹೋಗಿ ಬೇಡಿಕೊಂಡರು. ಕೊನೆಗೆ 1546ರ ಡಿಸೆಂಬರಿನಲ್ಲಿ ಕರಾರಾಯಿತು, 1547ರ ಜನವರಿಯಲ್ಲಿ ಅದಕ್ಕೆ ರಾಜಮುದ್ರೆ ಬಿತ್ತು. ಆಸ್ಪತ್ರೆಯನ್ನೂ ಗ್ರೇ ಫ್ರೈಯರ್ಸ್ ಚರ್ಚಿನ ಕಟ್ಟಡವನ್ನೂ ದೊರೆ ನಗರಕ್ಕೆ ಬಿಟ್ಟುಕೊಟ್ಟ. ಖಾಲಿ ಬಿದ್ದಿದ್ದ ಆ ದೊಡ್ಡ ಕಟ್ಟಡವೇ ಇನ್ನು ಮುಂದೆ ಕ್ರೈಸ್ಟ್ ಚರ್ಚ್ ಎಂಬ ಹೊಸ ಪ್ಯಾರಿಷ್ ಚರ್ಚು. ಸಂತ ನಿಕೋಲಸನ ಪ್ಯಾರಿಷ್, ನೆರೆಯ ಸಂತ ಯೂವಿನ್ ಪ್ಯಾರಿಷ್, ಸಂತ ಸೆಪಲ್ಕರ್ ಪ್ಯಾರಿಷ್‌ನ ಒಂದು ಭಾಗ ಇವೆಲ್ಲ ಅದರಲ್ಲಿ ವಿಲೀನ. ಅದೇ ಜನವರಿ 28ರಂದು ದೊರೆ ತೀರಿಕೊಂಡ. ಕರಾರು ಉಳಿಯಿತು.

ಸ್ವಾಮಿ, ಯೋಚನೆ ಮಾಡಿ ನೋಡಿದರೆ ಈ ಏರ್ಪಾಟಿನಲ್ಲಿ ಯಾರದೂ ದುರುದ್ದೇಶ ಕಾಣುವುದಿಲ್ಲ. ಆಸ್ಪತ್ರೆ ಮತ್ತೆ ನಡೆಯಬೇಕಿತ್ತು. ದೊಡ್ಡ ಕಟ್ಟಡ ಹಾಳು ಬೀಳಬಾರದಿತ್ತು. ಪುಟ್ಟ ಚರ್ಚಿನ ಆಸ್ತಿ ಒಳ್ಳೆಯ ಕೆಲಸಕ್ಕೆ ಒದಗಿತು. ಕಡತದ ಮೇಲೆ ಎಲ್ಲವೂ ಸರಿಯಾಗಿಯೇ ಇದೆ. ಆದರೆ ಅಜ್ಜ ಮುತ್ತಜ್ಜಂದಿರನ್ನು ಮಣ್ಣು ಮಾಡಿದ ಅಂಗಳ ಬೀದಿಯವರ ಕೈ ತಪ್ಪಿತು. ಒಂದೆರಡು ವರ್ಷಗಳಲ್ಲೇ ಚರ್ಚನ್ನು ಕೆಡವಲು ತೊಡಗಿದರು. ಅದೇ ಶತಮಾನದ ಕೊನೆಯಲ್ಲಿ, 1598ರಲ್ಲಿ, ಜಾನ್ ಸ್ಟೋ ಎಂಬ ದರ್ಜಿ ವೃತ್ತಿಯ ಇತಿಹಾಸಕಾರ ಲಂಡನ್ನಿನ ಬೀದಿ ಬೀದಿ ಸುತ್ತಿ ಒಂದು ಗ್ರಂಥ ಪ್ರಕಟಿಸಿದ. ಚರ್ಚು ಮತ್ತು ಸ್ಮಶಾನ ಇದ್ದ ಜಾಗದಲ್ಲಿ ಒಂದು ವಠಾರ ಎದ್ದಿದೆ, ಒಳ್ಳೊಳ್ಳೆಯ ಮನೆಗಳಾಗಿವೆ, ಒಂದು ಬಾವಿಯಿದೆ ಎಂದು ಅದರಲ್ಲಿ ಬರೆದಿದ್ದಾನೆ. ಐವತ್ತೇ ವರ್ಷ ನೋಡಿ. ಸ್ಮಶಾನದ ಮೇಲೆ ಮನೆ, ಮನೆಯವರು ಕುಡಿಯುವುದು ಅಲ್ಲಿಯದೇ ಬಾವಿಯ ನೀರು.

ವಿಲೀನವಾದ ಆ ಕ್ರೈಸ್ಟ್ ಚರ್ಚಿನ ಗತಿಯೂ ಅಷ್ಟರಲ್ಲೇ ಇತ್ತು. 1666ರ ಮಹಾ ಅಗ್ನಿಯಲ್ಲಿ ಅದು ಸುಟ್ಟಿತು. ಅದರ ಜಾಗದಲ್ಲಿ ಕ್ರಿಸ್ಟಫರ್ ರೆನ್ ಚಿಕ್ಕದಾಗಿ ಹೊಸ ಚರ್ಚು ಕಟ್ಟಿದ. 1940ರ ಡಿಸೆಂಬರ್ 29ರ ರಾತ್ರಿ ಜರ್ಮನ್ ಬಾಂಬುಗಳಿಗೆ ಅದೂ ಆಹುತಿಯಾಯಿತು. ಅದರ ಗೋಪುರ ಮತ್ತು ಕೆಲವು ಗೋಡೆಗಳನ್ನು ಹಾಗೆಯೇ ಉಳಿಸಿ, ನಡುವೆ ಗುಲಾಬಿ ತೋಟ ಮಾಡಿದ್ದಾರೆ. ಮಧ್ಯಾಹ್ನ ಕಚೇರಿಯವರು ಬುತ್ತಿ ಬಿಚ್ಚಿ ಕೂರುತ್ತಾರೆ. ನಾನೂ ಸ್ವಲ್ಪ ಹೊತ್ತು ಕೂತಿದ್ದೆ. ಬಾಂಬು ಕೆಡವಿದ್ದಕ್ಕೆ ತೋಟವಾದರೂ ಸಿಕ್ಕಿತು. ಕಡತ ಕೆಡವಿದ್ದಕ್ಕೆ ಅದೂ ಸಿಕ್ಕಲಿಲ್ಲ.

ಹಾಗಾದರೆ ಸಂತ ನಿಕೋಲಸನ ಚರ್ಚಿನದು ಏನೂ ಉಳಿದಿಲ್ಲವೇ? ಉಳಿದಿದೆ. ಎರಡು ವಸ್ತು ಉಳಿದಿವೆ: ಒಂದು ಲೆಕ್ಕದ ಪುಸ್ತಕ, ಇನ್ನೊಂದು ಮೂಳೆಗಳು.

ಮೊದಲು ಲೆಕ್ಕದ ಪುಸ್ತಕ. ಪ್ಯಾರಿಷ್ ಚರ್ಚಿನ ಹಣಕಾಸನ್ನು ನೋಡಿಕೊಳ್ಳಲು ಕೇರಿಯವರೇ ತಮ್ಮೊಳಗಿಂದ ಆರಿಸಿದ ಧರ್ಮದರ್ಶಿಗಳು ಇರುತ್ತಿದ್ದರು. ನಮ್ಮಲ್ಲಿ ದೇವಸ್ಥಾನದ ಲೆಕ್ಕ ಬರೆದಿಡುವ ಹಾಗೆ ಬಂದದ್ದೆಷ್ಟು, ಹೋದದ್ದೆಷ್ಟು ಎಂದು ಅವರು ಬರೆದಿಡಬೇಕು. ಸಂತ ನಿಕೋಲಸನ ಚರ್ಚಿನ ಈ ಲೆಕ್ಕಗಳು 1452ರಿಂದ 1526ರವರೆಗಿನವು ಉಳಿದುಬಂದಿವೆ. ಎಲ್ಲಿ ಉಳಿದವು ಎನ್ನುತ್ತೀರಿ? ಸಂತ ಬಾರ್ತಲೋಮ್ಯೂ ಆಸ್ಪತ್ರೆಯ ದಾಖಲೆಖಾನೆಯಲ್ಲಿ. ಆಸ್ತಿ ಆ ಕಡೆಗೆ ಹೋದಾಗ ಅದರ ಜೊತೆಗೆ ಪತ್ರಗಳೂ ಹೋದವು. ಆಸ್ತಿಯ ಹಕ್ಕಿಗೆ ಆಧಾರ ಬೇಕಲ್ಲ! ಹೀಗೆ ಚರ್ಚನ್ನು ನುಂಗಿದ ಏರ್ಪಾಟೇ ಅದರ ಕಡತವನ್ನು ಕಾಪಾಡಿತು. ಆ ಆಸ್ಪತ್ರೆ ಇಂದಿಗೂ ಅದೇ ಜಾಗದಲ್ಲಿ ನಡೆಯುತ್ತಿದೆ.

ಇಂಥ ಲೆಕ್ಕಗಳಲ್ಲಿ ಸಾಮಾನ್ಯವಾಗಿ ಇರುವುದೇನು? ಮೇಣದಬತ್ತಿಗೆ ಇಷ್ಟು, ಗಂಟೆಯ ಹಗ್ಗಕ್ಕೆ ಇಷ್ಟು, ಸೋರುವ ಛಾವಣಿ ಸರಿಪಡಿಸಿದವನಿಗೆ ಇಷ್ಟು, ಬಾಡಿಗೆ ಬಂದದ್ದು ಇಷ್ಟು ಎಂಬುದಷ್ಟೇ. ಬರೆದಿಟ್ಟವರು ಸಾಹಿತ್ಯ ಬರೆಯುತ್ತಿದ್ದೇವೆ ಎಂದುಕೊಂಡಿರಲಿಲ್ಲ. ಮುಂದಿನ ವರ್ಷದವರು ಕೇಳಿದರೆ ಕಾಸು ಕಾಸಿಗೂ ಉತ್ತರ ಕೊಡಬೇಕಲ್ಲ ಎಂಬ ಹೆದರಿಕೆಗೆ ಬರೆದಿಟ್ಟರು. ಆ ಹೆದರಿಕೆಗೆ ನಾವು ಋಣಿಗಳು.

ಇನ್ನು ಮೂಳೆಗಳ ವಿಚಾರ. ಇದು ನನ್ನ ಓದಿಗೆ ಸ್ವಲ್ಪ ಹತ್ತಿರದ್ದು.

ಮಾರ್ಕೋನಿ ಯಂತ್ರ ಇಟ್ಟಿದ್ದ ಅಂಚೆ ಕಟ್ಟಡವೂ 1940ರ ಆ ರಾತ್ರಿಯ ಬಾಂಬು ದಾಳಿಯಲ್ಲಿ ಬಹಳ ಹಾನಿಗೊಂಡಿತ್ತು. 1967ರಲ್ಲಿ ಅದನ್ನು ಕೆಡವಿದರು. ಹೊಸ ಕಟ್ಟಡದ ತಳಪಾಯ ಬೀಳುವ ಮೊದಲು ಪುರಾತತ್ತ್ವ ತಜ್ಞರಿಗೆ ಅಗೆಯಲು ಅವಕಾಶ ಸಿಕ್ಕಿತು. 1975ರಿಂದ 1979ರವರೆಗೆ ಉತ್ಖನನ ನಡೆಯಿತು. ಮಣ್ಣಿನ ಪದರಗಳು ಪುಸ್ತಕದ ಹಾಳೆಗಳಂತೆ ತೆರೆದುಕೊಂಡವು. ಬಹಳ ಕೆಳಗೆ ರೋಮನ್ನರ ಕಾಲದ ಮರ ಮತ್ತು ಮಣ್ಣುಗೋಡೆಯ ಮನೆಗಳು, ಕ್ರಿ.ಶ. 60ರ ಸುಮಾರಿಗೆ ಬೂಡಿಕಾ ರಾಣಿ ದಂಡೆತ್ತಿ ಬಂದು ಊರಿಗೆ ಇಟ್ಟ ಬೆಂಕಿಯ ಗುರುತು ಅಲ್ಲಿತ್ತು. ಮೇಲಿನ ಪದರದಲ್ಲಿ ನಮ್ಮ ಚರ್ಚಿನ ತಳಪಾಯ. ಮೊದಲು ಅದು ಜನ ನಿಲ್ಲುವ ಒಂದು ಅಂಕಣ, ಮುಂದೆ ಪೂಜಾಪೀಠದ ಒಂದು ಅಂಕಣ ಇಷ್ಟೇ ಇದ್ದ ಪುಟ್ಟ ಕಟ್ಟಡ. ಬಳಿಕ ಶತಮಾನಗಳುದ್ದಕ್ಕೂ ಹಂತ ಹಂತವಾಗಿ ಅದನ್ನು ಬೆಳೆಸಿದ್ದರು. ಮನೆಯಲ್ಲಿ ಮಕ್ಕಳು ಹೆಚ್ಚಿದಂತೆ ಪಡಸಾಲೆಗೆ ಮಗ್ಗುಲಲ್ಲಿ ಕೋಣೆ ಇಳಿಸಿಕೊಂಡು ಹೋಗುತ್ತೇವಲ್ಲ, ಹಾಗೆ.

ಚರ್ಚಿನ ಅಂಗಳದಲ್ಲಿ ಸಿಕ್ಕಿದ್ದು 234 ಅಸ್ಥಿಪಂಜರಗಳು. 11 ಮತ್ತು 12ನೇ ಶತಮಾನದ ಜನ ಅವರು. ವಿಲಿಯಂ ವೈಟ್ ಎಂಬುವರು ಅವನ್ನು ಒಂದೊಂದಾಗಿ ಪರೀಕ್ಷಿಸಿ 1988ರಲ್ಲಿ ವರದಿ ಪ್ರಕಟಿಸಿದರು. ಎಲ್ಲರನ್ನೂ ಒಂದೇ ರೀತಿ ಹೂತಿರಲಿಲ್ಲ. ಹೆಚ್ಚಿನವರಿಗೆ ಬರಿಯ ಮಣ್ಣಿನ ಗುಂಡಿ. ಕೆಲವರಿಗೆ ಮರದ ಪೆಟ್ಟಿಗೆ. ಕೆಲವರ ತಲೆಗೆ ದಿಂಬಿನಂತೆ ಕಲ್ಲು ಕೊಟ್ಟಿದ್ದರು. ಇನ್ನು ಕೆಲವರ ಗುಂಡಿಗೆ ಸುಣ್ಣಕಲ್ಲಿನ ಪುಡಿಯ ನೆಲಗಟ್ಟು, ಒಂದಷ್ಟು ಮಂದಿಗೆ ಸುತ್ತ ಕಲ್ಲು ಜೋಡಿಸಿದ ಗೂಡು. ಸತ್ತ ಮೇಲೂ ಉಳ್ಳವರು, ಇಲ್ಲದವರು ಎಂಬ ಭೇದ ಇದ್ದೇ ಇತ್ತು ಎಂದು ಕಾಣುತ್ತದೆ.

ಮೂಳೆಯನ್ನು ಓದುವುದು ಹೇಗೆ ಎಂದು ಕೆಲವರು ಕೇಳಬಹುದು. ಇದರಲ್ಲಿ ಪವಾಡವೇನೂ ಇಲ್ಲ. ಹೆಂಗಸರ ಸೊಂಟದ ಎಲುಬು ಹೆರಿಗೆಗೆ ಅನುಕೂಲವಾಗುವಂತೆ ಅಗಲವಾಗಿರುತ್ತದೆ. ಅದರಿಂದ ಹೆಣ್ಣೋ ಗಂಡೋ ಎಂದು ತಿಳಿಯುತ್ತದೆ. ಬೆಳೆಯುವ ವಯಸ್ಸಿನಲ್ಲಿ ಕೈಕಾಲಿನ ಉದ್ದ ಎಲುಬುಗಳ ತುದಿಗಳು ಬಿಡಿಯಾಗಿದ್ದು, ಬೆಳವಣಿಗೆ ಮುಗಿದಂತೆ ಒಂದೊಂದಾಗಿ ಬೆಸೆದುಕೊಳ್ಳುತ್ತವೆ; ಯಾವುದು ಬೆಸೆದಿದೆ, ಯಾವುದು ಇಲ್ಲ ಎಂಬುದರಿಂದ ಎಳೆಯರ ವಯಸ್ಸು ಗೊತ್ತಾಗುತ್ತದೆ. ದೊಡ್ಡವರದಾದರೆ ಹಲ್ಲಿನ ಸವೆತ ನೋಡಬೇಕು. ತೊಡೆಯೆಲುಬಿನ ಉದ್ದವನ್ನು ಅಳೆದು ಸೂತ್ರಕ್ಕೆ ಹಾಕಿದರೆ ಎತ್ತರ ಸಿಗುತ್ತದೆ. ಈ ಲೆಕ್ಕದಂತೆ ಸಂತ ನಿಕೋಲಸನ ಗಂಡಸರ ಸರಾಸರಿ ಎತ್ತರ ಸುಮಾರು 5 ಅಡಿ 8 ಅಂಗುಲ, ಹೆಂಗಸರದು ಸುಮಾರು 5 ಅಡಿ 2 ಅಂಗುಲ. ಹಿಂದಿನವರು ಕುಳ್ಳರಾಗಿದ್ದರು ಎಂಬ ತಿಳಿವಳಿಕೆ ಸರಿಯಲ್ಲವೆಂದಾಯಿತು. ಹಾಗೆಯೇ, ಹಿಂದಿನವರೆಲ್ಲ ಗಟ್ಟಿಮುಟ್ಟಾಗಿ ನೂರು ವರ್ಷ ಬಾಳಿದರು ಎಂಬ ನಂಬಿಕೆಯೂ ಇಲ್ಲಿ ನಿಲ್ಲುವುದಿಲ್ಲ. ಆ ಕಾಲದಲ್ಲಿ ಬಹುಮಂದಿ ಇಂದು ನಾವು ನಡುವಯಸ್ಸು ಎನ್ನುವ ಗಡಿಯನ್ನೇ ದಾಟುತ್ತಿರಲಿಲ್ಲ.

ಅವರಲ್ಲಿ ಒಬ್ಬ ಹೆಣ್ಣುಮಗಳ ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ಅವಳ ಅಸ್ಥಿಪಂಜರದ ಸೊಂಟದ ಭಾಗದಲ್ಲಿ ಇನ್ನೊಂದು ಎಳೆಯ ಅಸ್ಥಿಪಂಜರ ಇತ್ತು. ದಿನ ತುಂಬಿದ ಮಗು. ಹೆರಿಗೆ ಕಟ್ಟಿಕೊಂಡು ತಾಯಿಯೂ ಮಗುವೂ ಒಟ್ಟಿಗೇ ಹೋಗಿಬಿಟ್ಟಿದ್ದರು. ಮಗುವನ್ನು ಹೊಟ್ಟೆಯಲ್ಲಿಟ್ಟುಕೊಂಡ ಹಾಗೆಯೇ ಮಣ್ಣು ಮಾಡಿದ್ದರು. ಇಂದು ಯಾವುದೇ ಸಾಧಾರಣ ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆ ಮಾಡಿ ಇಬ್ಬರನ್ನೂ ಉಳಿಸಬಹುದಾದ ಸ್ಥಿತಿ ಅದು. ಸಂತ ಬಾರ್ತಲೋಮ್ಯೂ ಆಸ್ಪತ್ರೆ ಅಲ್ಲಿಂದ ಕೂಗಳತೆಯಲ್ಲಿ ಬಂತು, ಆದರೆ ಅಂಥ ಹೆರಿಗೆಯನ್ನು ಬಿಡಿಸುವ ವಿದ್ಯೆ ಬರಲು ಇನ್ನೂ ಎಷ್ಟೋ ನೂರು ವರ್ಷ ಬೇಕಾಗಿತ್ತು. ಈ ವಿವರ ಓದಿದ ರಾತ್ರಿ ನನಗೆ ನಮ್ಮ ಅಜ್ಜಿ ನೆನಪಾದಳು. ಅವಳು ತನ್ನ ಅಕ್ಕನ ಮಾತು ಬಂದಾಗಲೆಲ್ಲ, "ಬಸಿರಿ ಬಾಣಂತಿ ಅಂದರೆ ಹೆಣ್ಣಿಗೆ ಮರುಹುಟ್ಟು ಕಣೋ, ಅವಳು ಆ ಕಡೆ ದಾಟಲಿಲ್ಲ" ಅನ್ನುತ್ತಿದ್ದಳು. ಅಷ್ಟೇ. ಅದಕ್ಕಿಂತ ಹೆಚ್ಚು ಹೇಳುತ್ತಿರಲಿಲ್ಲ. ಆ ದೊಡ್ಡಜ್ಜಿಯ ಹೆಸರನ್ನು ನಾನು ಕೇಳಿಟ್ಟುಕೊಳ್ಳಲೇ ಇಲ್ಲ. ಈಗ ಕೇಳೋಣವೆಂದರೆ ಅಜ್ಜಿ ಇಲ್ಲ.

ಈ ಮೂಳೆಗಳ ಕೆಲಸ ಅಲ್ಲಿಗೇ ಮುಗಿಯಲಿಲ್ಲ. 1348-49ರಲ್ಲಿ ಮಹಾ ಪ್ಲೇಗು ಲಂಡನ್ನಿನ ಮೂರರಲ್ಲಿ ಒಂದು ಪಾಲಿಗೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತೆಂದು ಅಂದಾಜು. ಆ ಮೇಲೆ ಬದುಕಿ ಉಳಿದವರ ಆರೋಗ್ಯ ಹೇಗಿತ್ತು ಎಂದು ತಿಳಿಯಬೇಕಾದರೆ ಪ್ಲೇಗಿಗೆ ಮುಂಚಿನವರನ್ನೂ ನಂತರದವರನ್ನೂ ಹೋಲಿಸಬೇಕು. ಶ್ಯಾರನ್ ಡಿವಿಟ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞೆ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಲಂಡನ್ನಿನ ಸ್ಮಶಾನಗಳ ಸುಮಾರು 600 ಅಸ್ಥಿಪಂಜರಗಳನ್ನು ಹೀಗೆ ಹೋಲಿಸಿದರು. ಪ್ಲೇಗಿಗೆ ಮುಂಚಿನ ಜನರ ಸಾಲಿನಲ್ಲಿ ನಮ್ಮ ಸಂತ ನಿಕೋಲಸನ ಕೇರಿಯವರೂ ಇದ್ದರು. ಪ್ಲೇಗಿನ ನಂತರದ ಪೀಳಿಗೆಗಳಲ್ಲಿ ಹೆಚ್ಚು ಮಂದಿ ಮುಪ್ಪಿನವರೆಗೆ ಬದುಕಿದರು ಎಂದು ಅದರಿಂದ ಕಂಡುಬಂತು. ದುರ್ಬಲರು ರೋಗಕ್ಕೆ ಹೋದದ್ದು ಒಂದು ಕಾರಣವಿರಬಹುದು. ಕೂಲಿಯಾಳುಗಳು ಕಡಿಮೆಯಾಗಿ ಕೂಲಿ ಹೆಚ್ಚಿ, ಉಳಿದವರಿಗೆ ಒಳ್ಳೆಯ ಊಟ ಸಿಕ್ಕಿದ್ದು ಇನ್ನೊಂದು ಕಾರಣವಿರಬಹುದು. ನೋಡಿ, ಒಂಬೈನೂರು ವರ್ಷದ ಹಿಂದಿನ ಆ ಹೆಸರಿಲ್ಲದ ಜನ ಇಂದಿನ ಸಾಂಕ್ರಾಮಿಕ ರೋಗಗಳ ಚರ್ಚೆಯಲ್ಲಿ ಸಾಕ್ಷಿ ಹೇಳುತ್ತಿದ್ದಾರೆ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಮೂಳೆಗಳು 11, 12ನೇ ಶತಮಾನದವು. ಲೆಕ್ಕದ ಪುಸ್ತಕ 15, 16ನೇ ಶತಮಾನದ್ದು. ನಡುವೆ ಮುನ್ನೂರು ವರ್ಷದ ಅಂತರ. ಮೂಳೆಗಳಿಗೆ ಎತ್ತರವಿದೆ, ವಯಸ್ಸಿದೆ, ಹಲ್ಲುನೋವಿದೆ, ಹೆಸರಿಲ್ಲ. ಪುಸ್ತಕದಲ್ಲಿ ಹೆಸರಿದೆ, ಕಾಸಿನ ಲೆಕ್ಕವಿದೆ, ಮುಖವಿಲ್ಲ. ಎರಡನ್ನೂ ಹೊಂದಿಸಿ ಒಬ್ಬನೇ ಒಬ್ಬ ಪೂರ್ತಿ ಮನುಷ್ಯನನ್ನು ನಿಲ್ಲಿಸಲು ಬರುವುದಿಲ್ಲ. ಚರಿತ್ರೆ ಎಂದರೆ ಬಹುಪಾಲು ಹೀಗೆಯೇ.

ಸತ್ತವರನ್ನು ಎತ್ತಿ ಪೆಟ್ಟಿಗೆಯಲ್ಲಿಟ್ಟು ಅಧ್ಯಯನ ಮಾಡುವುದು ಸರಿಯೇ, ಅವರು ನೆಮ್ಮದಿಯಾಗಿ ಮಲಗಲಿ ಎಂದಲ್ಲವೇ ಹೂತದ್ದು ಎಂದು ತಾವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ನನಗೂ ಇದರಲ್ಲಿ ಪೂರ್ತಿ ಸಮಾಧಾನವಿಲ್ಲ. ಆದರೆ ಆ ನಾಲ್ಕು ವರ್ಷದ ಅಗೆತ ನಡೆಯದಿದ್ದರೆ ಅವರು ನೆಮ್ಮದಿಯಾಗಿ ಮಲಗಿರುತ್ತಿರಲಿಲ್ಲ. ಹೊಸ ಕಟ್ಟಡದ ತಳಪಾಯಕ್ಕೆ ಮಣ್ಣು ತೆಗೆಯುವ ಯಂತ್ರ ಅವರನ್ನು ಕಲ್ಲುಮಣ್ಣಿನ ಜೊತೆಗೆ ಲಾರಿಗೆ ತುಂಬುತ್ತಿತ್ತು. ಇಲ್ಲಿ ಆಯ್ಕೆ ಇದ್ದದ್ದು ವಿಶ್ರಾಂತಿಗೂ ಅಧ್ಯಯನಕ್ಕೂ ನಡುವೆ ಅಲ್ಲ, ನೆನಪಿಗೂ ನಾಶಕ್ಕೂ ನಡುವೆ. ಕಟ್ಟುವವರು ಕೆಲವು ವರ್ಷ ಕಾದರು, ಅಗೆದವರು ಕಂಡದ್ದನ್ನೆಲ್ಲ ಬರೆದಿಟ್ಟರು. ಅಷ್ಟಾದರೂ ಆಯಿತು.

ಈ ಮಾತು ಹೇಳುವಾಗ ನನ್ನ ಮನಸ್ಸಿನಲ್ಲಿ ಬೇರೊಂದು ಇದೆ. ಅದನ್ನೂ ಹೇಳಿಬಿಡುತ್ತೇನೆ. ಈ ಕೆಲಸಕ್ಕೆ ನಾನು ಹೊಸಬನಾಗಿದ್ದಾಗ, ಒಂದು ಊರಿನ ಹಳೆಯ ಸಂತೆಮಾಳದ ಬಗ್ಗೆ ವೃದ್ಧರೊಬ್ಬರನ್ನು ಮಾತಾಡಿಸಿ ಚಿತ್ರಿಸಿಕೊಂಡಿದ್ದೆ. ಎಂಬತ್ತು ದಾಟಿದವರು. ಯಾವ ಮರದಡಿ ಯಾರು ಕೂರುತ್ತಿದ್ದರು, ಎಮ್ಮೆ ವ್ಯಾಪಾರ ಎಲ್ಲಿ, ಬಳೆಗಾರರ ಸಾಲು ಎಲ್ಲಿ ಎಂದು ಒಂದೂವರೆ ಗಂಟೆ ಹೇಳಿದರು. ಅದರಲ್ಲಿ ಪ್ರಸಾರವಾದದ್ದು ನಾಲ್ಕು ನಿಮಿಷ. ಆ ದಿನಗಳಲ್ಲಿ ಟೇಪು ದುಬಾರಿ. ಒಂದು ಸಲ ಬಳಸಿದ್ದನ್ನು ಅಳಿಸಿ ಮತ್ತೆ ಬಳಸುವುದು ರೂಢಿ. ಉಳಿಸಬೇಕಾದ ಟೇಪುಗಳ ಪಟ್ಟಿ ಕೊಡಿ ಎಂದು ಚೀಟಿ ಬಂದಿತ್ತು. ನಾನು ನಾಳೆ ಬರೆದುಕೊಟ್ಟರಾಯಿತು ಎಂದುಕೊಂಡೆ. ಆ ನಾಳೆ ಬರುವಷ್ಟರಲ್ಲಿ ಆ ಟೇಪಿನ ಮೇಲೆ ಯಾವುದೋ ಕ್ರೀಡಾಕೂಟ ತುಂಬಿಯಾಗಿತ್ತು. ಅಳಿಸಿದವರ ತಪ್ಪೇನೂ ಇಲ್ಲ. ಅವರ ಬಳಿ ಪಟ್ಟಿ ಇತ್ತು, ಪಟ್ಟಿಯಲ್ಲಿ ಹೆಸರು ಇರಲಿಲ್ಲ. ಕೆಲವು ತಿಂಗಳ ಮೇಲೆ ಆ ಹಿರಿಯರೂ ತೀರಿಕೊಂಡರು. ಅವರ ಮಗ ಬಂದು, "ಅಪ್ಪ ಮಾತಾಡಿದ್ದು ಪೂರಾ ಇದೆಯಂತಲ್ಲ ಸಾರ್, ಒಂದು ಕಾಪಿ ಬೇಕಿತ್ತು" ಎಂದು ಕೇಳಿದಾಗ ನಾನು ಏನು ಉತ್ತರ ಕೊಟ್ಟೆನೋ ಈಗ ನೆನಪಿಲ್ಲ. ಕೇಳಿದ ಮುಖ ಮಾತ್ರ ನೆನಪಿದೆ.

ಆದ್ದರಿಂದಲೇ ಈ ಚರ್ಚಿನ ಕತೆ ನನ್ನನ್ನು ಹಿಡಿದು ನಿಲ್ಲಿಸಿತು. ಒಂದು ಜಾಗದ ನೆನಪು ಅಳಿಯಲು ದೊಡ್ಡ ಶತ್ರುವೇ ಬರಬೇಕಾಗಿಲ್ಲ. ಒಳ್ಳೆಯ ಉದ್ದೇಶದ ಒಂದು ವಿಲೀನ ಸಾಕು, ಒಂದು ಸೋಮಾರಿ ನಾಳೆ ಸಾಕು. ಹಾಗೆಯೇ ಅದು ಉಳಿಯಲು ದೊಡ್ಡ ಪಂಡಿತರೇ ಬೇಕಾಗಿಲ್ಲ. ಮೇಣದಬತ್ತಿಯ ಲೆಕ್ಕ ಬರೆದಿಟ್ಟ ಧರ್ಮದರ್ಶಿ ಇದ್ದಾನೆ. ಬೀದಿ ಸುತ್ತಿದ ದರ್ಜಿ ಇದ್ದಾನೆ. ಮಣ್ಣಿನಲ್ಲಿ ಮಂಡಿಯೂರಿ ಕುಂಚದಿಂದ ಧೂಳು ಒರೆಸಿದವರಿದ್ದಾರೆ. ಇವರಲ್ಲಿ ಒಬ್ಬರು ಕೈಬಿಟ್ಟಿದ್ದರೂ ಇವತ್ತು ಈ ಭಾಷಣಕ್ಕೆ ಅಷ್ಟು ವಸ್ತು ಕಡಿಮೆಯಾಗುತ್ತಿತ್ತು.

ಕೊನೆಯದಾಗಿ ಒಂದು ಮಾತು. ನಾನು ನೋಡಿದ ಆ ಟೆಲಿಕಾಂ ಕಚೇರಿಯೂ ಈಗ ಅಲ್ಲಿಲ್ಲ. 2021ರಲ್ಲಿ ಸಂಸ್ಥೆ ಬೇರೆಡೆಗೆ ಹೋಯಿತು, ಕಟ್ಟಡವನ್ನು ಹೊಸ ಬಳಕೆಗೆ ಮಾರ್ಪಡಿಸುವ ಕೆಲಸ ಶುರುವಾಯಿತು. ಅಗೆತದಲ್ಲಿ ಸಿಕ್ಕ ಅಸ್ಥಿಗಳ ಹೊಣೆ ಹೊತ್ತ ಲಂಡನ್ ವಸ್ತುಸಂಗ್ರಹಾಲಯವೂ 2022ರ ಡಿಸೆಂಬರಿನಲ್ಲಿ ತನ್ನ ಹಳೆಯ ಕಟ್ಟಡದ ಬಾಗಿಲು ಹಾಕಿತು. ಅದು ಹೊಸ ಮನೆಯಾಗಿ ಆರಿಸಿಕೊಂಡದ್ದು ಎಲ್ಲಿ ಗೊತ್ತೇ? ಸ್ಮಿತ್‌ಫೀಲ್ಡಿನ ಹಳೆಯ ಮಾರುಕಟ್ಟೆ ಕಟ್ಟಡಗಳನ್ನು. ಕಸಾಯಿಗಳ ಕೇರಿಯ ಆ ಜನರ ಕತೆಯನ್ನು ಕಾಯುವ ಮನೆ ಮತ್ತೆ ಮಾಂಸದ ಪೇಟೆಯನ್ನೇ ಆರಿಸಿಕೊಂಡಿತು.

ವೀಕ್ಷಕರೇ, ತಮ್ಮಲ್ಲಿ ನನ್ನದೊಂದು ಕೋರಿಕೆ. ತಮ್ಮ ಮನೆಯಲ್ಲಿ ಹಿರಿಯರು ಇದ್ದರೆ ಇವತ್ತು ಊಟವಾದ ಮೇಲೆ ಅವರ ಪಕ್ಕ ಕೂತು, ತಾವು ಕಾಣದೆ ಹೋದ ಒಬ್ಬರ ಹೆಸರನ್ನು ಕೇಳಿ ಬರೆದಿಟ್ಟುಕೊಳ್ಳಿ. ಬರೆಯಲು ಚಿನ್ನದ ಹಾಳೆ ಬೇಡ, ಅಂಗಡಿ ಲೆಕ್ಕದ ಪುಸ್ತಕವೇ ಸಾಕು. ನಾಳೆಗೆ ಮಾತ್ರ ಇಡಬೇಡಿ.